ಕೈಗುಣ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನೆದುರು
ಕರಿಮೆಣಸು ಕೊಳ್ಳುವ ಅಂಗಡಿಯ ಮಹಡಿ. ಹದಿನೇಳು ಮೆಟ್ಟಿಲು.
ಸುಮ್ಮನೆ ಎಣಿಸಿದ್ದಲ್ಲ; ಮೆಟ್ಟಿಲಿಗೊಂದರಂತೆ
ಸೊಂಟದೊಳಗೆ ಯಾರೋ ಮೊಳೆ ಹೊಡೆಯುತ್ತಿದ್ದರು.

ಇಪ್ಪತ್ತೆರಡು ವರ್ಷ, ಅದೇ ಬಲ ಹೆಗಲು, ಅದೇ ನೀಲಿ ಡಬ್ಬಿ:
ನಾಲ್ಕು ಐಸ್‌ಪ್ಯಾಕಿನ ನಡುವೆ
ದಡಾರದ್ದು, ಪೋಲಿಯೊದ್ದು, ನಾಯಿಕೆಮ್ಮಿನದ್ದು.
ಮಾಲ್ದಾರೆಯ ಲೈನುಮನೆಗಳಿಗೆ
ಆನೆ ದಾಟಿದ ದಾರಿಯಲ್ಲಿ,
ಲದ್ದಿ ಇನ್ನೂ ಹಬೆಯಾಡುತ್ತಿದೆಯೇ ನೋಡಿಕೊಂಡು
ನಡೆಯುವ ಕೆಲಸ ನನ್ನದು.

"ಕೈರೋಪ್ರಾಕ್ಟರ್ ಅಂದರೇನಪ್ಪಾ?"
"ಹೆಸರಲ್ಲೇ ಕೈ ಇದೆಯಲ್ಲ ದೇಚಕ್ಕ," ನಕ್ಕ ಉತ್ತಯ್ಯ.
ಗೋಡೆಯಲ್ಲಿ ಬೆನ್ನೆಲುಬಿನ ಪಟ.
ಬಿಲ್ಲೆ ಬಿಲ್ಲೆಯಿಂದ ಬಣ್ಣಬಣ್ಣದ ಗೆರೆ:
ಇದು ಪಿತ್ತಕೋಶಕ್ಕೆ, ಇದು ಗುಲ್ಮಕ್ಕೆ, ಇದು ನೆಗಡಿಗೆ,
ಗದ್ದೆಗದ್ದೆಗೆ ನೀರು ಹಂಚುವ ತೂಬಿನ ನಕ್ಷೆಯಂತೆ.
"ಬಿಲ್ಲೆ ಜಾರಿದರೆ ನರ ನಲುಗುತ್ತೆ,
ನರ ನಲುಗಿದರೆ ರೋಗ ತಡೆಯೋ ಶಕ್ತಿ ಮಲಗುತ್ತೆ."
ಪ್ರಾಸ ಚೆನ್ನಾಗಿತ್ತು.
ಸುಳ್ಳಿಗೆ ಪ್ರಾಸ ಬೇಗ ಸಿಗುತ್ತದೆ ಅನ್ನಬೇಕೆಂದಿದ್ದೆ;
ಬೋರಲು ಮಲಗಿದ್ದೆ, ಬಾಯಿ ದಿಂಬಿನಲ್ಲಿತ್ತು.

ಎರಡು ಹೆಬ್ಬೆರಳು. "ಉಸಿರು ಬಿಡಿ." ಬಿಟ್ಟೆ.
ಲಟಕ್.
ಒಣಗಿತೇ ಎಂದು ಕಾಫಿ ಬೀಜವನ್ನು
ಹಲ್ಲಲ್ಲಿ ಕಚ್ಚಿ ನೋಡಿದ ಸದ್ದು.
ಆಮೇಲೆ ಏನೂ ಇಲ್ಲ.
ಬಾಡಿಗೆಯವರು ರಾತ್ರೋರಾತ್ರಿ ಬಿಟ್ಟುಹೋದ ಕೋಣೆಯ ಹಾಗೆ
ಸೊಂಟ.

ಹೊರಗೆ ಬೆಂಚಿನಲ್ಲಿ ಅಮ್ಮತ್ತಿಯ ಹೆಂಗಸು, ಮಡಿಲಲ್ಲಿ ಕೂಸು.
"ಮೂರು ಸಲ ತಂದೆ ಸಿಸ್ಟರ್, ನೆಗಡಿ ಹತ್ತಿರ ಸುಳಿದಿಲ್ಲ.
ಇನ್ನು ಸೂಜಿ ಬೇಡ ಅಂದುಕೊಂಡಿದೀವಿ."
ಹೂಮಳೆ ಬಿದ್ದು ಕಾಫಿ ಅರಳಿದ ತಿಂಗಳು ಅದು.
ಆಗ ಇಡೀ ಅಮ್ಮತ್ತಿಯಲ್ಲಿ ಸೋರುವ ಮೂಗೇ ಅಪರೂಪ,
ನೆಟ್ಟಗಿನ ಬೆನ್ನಿನವರದೂ, ಗೂನುಬೆನ್ನಿನವರದೂ.

ನಗಬಹುದಿತ್ತು. ಆದರೆ
ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನಲ್ಲಿ
ಹದಿನೆಂಟು ಔಷಧಿ ಕೂಡಿರುತ್ತದೆಂದು
ನಾನೂ ಎರಡು ಬಟ್ಟಲು ಪಾಯಸ ಹೊಡೆಯುವವಳು,
ಮಾರನೇ ಬೆಳಗ್ಗೆ ಉಚ್ಚೆ ಕೆಂಪಗಾಯಿತೇ ಎಂದು
ಬಗ್ಗಿ ನೋಡುವವಳು.
ಅಷ್ಟು ಮಾತ್ರ ಹೇಳಬಲ್ಲೆ:
ಪಾಯಸ ತಿಂದೆನೆಂದು ಯಾವ ಮಗುವಿನ ಕಾರ್ಡಿನಲ್ಲೂ
ಒಂದು ಮನೆ ಖಾಲಿ ಬಿಟ್ಟಿಲ್ಲ.

ಕಾವಲಿನವರು ಎಲುಬಿನೊಳಗೇ ಹುಟ್ಟುವುದು, ಅದು ನಿಜ,
ಮಜ್ಜೆಯ ಕತ್ತಲಲ್ಲಿ, ದಿನಕ್ಕೆ ಕೋಟಿ ಕೋಟಿ.
ಹೊರಗಿಂದ ಬಾಗಿಲು ಬಡಿದರೆ ಏಳುವವರಲ್ಲ.
ಕಳ್ಳನ ಮುಖ ತೋರಿಸಬೇಕು, ಮೊದಲೇ.
ನನ್ನ ಡಬ್ಬಿಯಲ್ಲಿರುವುದು ಅಷ್ಟೇ ತಾಯಿ,
ಕಳ್ಳನ ಫೋಟೋ.
ಅವಳು ಕೇಳಿಸಿಕೊಂಡಳು. ಕೂಸಿನ ಬೆನ್ನು ಸವರುತ್ತಲೇ ಇದ್ದಳು.

ಚಪ್ಪಲಿ ಮೆಟ್ಟಿದವಳು ಬಿಟ್ಟು ಮತ್ತೆ ಒಳಗೆ ಹೋದೆ.
"ಬೊಳ್ಳಮ್ಮನ ಕಾರ್ಡು ಎಲ್ಲಿದೆ ಉತ್ತಯ್ಯ?"
ಅವನ ಕಿವಿ ಕೆಂಪಾಯಿತು. ಮೇಜಿನ ಖಾನೆ ಎಳೆದ.
ಎಲ್ಲ ಮನೆಯೂ ತುಂಬಿತ್ತು. ಅಕ್ಷರ ನನ್ನದೇ.
ಒಂಬತ್ತನೇ ತಿಂಗಳು, ಪೊನ್ನಂಪೇಟೆಯ ಅಂಗನವಾಡಿ:
ಮಗಳ ತೋಳು ಅಲುಗದಂತೆ ಹಿಡಿದು
ತಾನು ಕಣ್ಣು ಮುಚ್ಚಿಕೊಂಡವನು,
ಇದೇ ಕೈ.

"ಹೊರಗಿರುವವಳಿಗೆ ಇದನ್ನು ತೋರಿಸು."
"ಗಿರಾಕಿ ಹೋಗ್ತಾರಕ್ಕ."
"ಸೊಂಟ ನೋಯೋರು ಎಲ್ಲಿ ಹೋಗ್ತಾರೆ ಮಾರಾಯ,
ಹದಿನೇಳು ಮೆಟ್ಟಿಲೂ ಹತ್ತಿ ಬರ್ತಾರೆ."

ತೋರಿಸಿದನೋ ಇಲ್ಲವೋ. ನನ್ನ ಬಸ್ಸು ಬಂತು.
ಬಿಲ್ಲು ನಾನೂರು. ಲಟಕ್ಕಿಗೆ ಪೂರ್ತಿ ಕೊಟ್ಟೆ, ಮನಸಾರೆ;
ಪಟಕ್ಕೆ ಏನೂ ಕೊಡಲಿಲ್ಲ.

ಗುರುವಾರ ಮತ್ತೆ ಡಬ್ಬಿ, ಈ ಸಲ ಎಡ ಹೆಗಲಿಗೆ.
ಅವನು ಹೇಳಿದ್ದು. ಅದನ್ನು ಕೇಳುತ್ತೇನೆ.
ನಿನ್ನೆ ಸಂಜೆಯಿಂದ ಗಂಟಲು ಕೆರೆತ, ಮಾಸ್ಕು ಒದ್ದೆ.
ಲೈನುಮನೆಯ ತಿರುವಿನಲ್ಲಿ ನಿಂತು
ಗಟ್ಟಿಯಾಗಿ ಸೀನಿದೆ.
ಬೆನ್ನು ನೋಯಲಿಲ್ಲ.