ಬಲಮಗ್ಗುಲು

ಅಡುಗೆಮನೆಯಿಂದ ಮೊರೀನ್ ಓಡಿ ತಂದದ್ದು
ಸ್ಯಾಂಡ್‌ವಿಚ್ ಸುತ್ತುವ ಪ್ಲಾಸ್ಟಿಕ್ಕಿನ ಸುರುಳಿ.
ಅರ್ಧ ಮುಗಿದಿತ್ತು. ಸಾಕು, ಅಂದೆ.
ಮಗು ಒಂದು ಮೊಳವೂ ಇರಲಿಲ್ಲ.

ಕೊರೆಲ್ಲಾ ಕ್ರಾಸಿಂಗಿನ ಆಸ್ಪತ್ರೆಯಲ್ಲಿ
ಹೆರಿಗೆ ಮಾಡಿಸುವುದು ನಿಂತು ಹನ್ನೊಂದು ವರ್ಷ.
ಅದು ಮಗುವಿಗೆ ಹೇಗೆ ಗೊತ್ತಾಗಬೇಕು?
ದನದ ಸ್ಟೇಷನ್ನಿನಲ್ಲಿ ಅಡುಗೆಗಿದ್ದ ಹುಡುಗಿ, ಟಾರ್ನಿ,
ಹತ್ತೊಂಬತ್ತರ ಪ್ರಾಯ.
ಸ್ಕ್ಯಾನಿಗೆ ಹೊರಟ ದಿನವೇ ಹಳ್ಳ ರಸ್ತೆಗೆ ಬಂದಿತ್ತಂತೆ.
ಮುಂದಿನ ವಾರ ಹೋದರಾಯಿತು ಅಂದುಕೊಂಡಳು.
ಮುಂದಿನ ವಾರ ದನ ಕೂಡಿಸುವ ಕೆಲಸ,
ಇಪ್ಪತ್ತೆರಡು ಜನಕ್ಕೆ ಊಟ.

ಹೊಕ್ಕುಳ ಬಲಕ್ಕೆ ಎರಡು ಬೆರಳಗಲ ಕಿಂಡಿ,
ಅದರಿಂದ ಕರುಳೆಲ್ಲ ಹೊರಗೆ.
ಮೊದಲು ಬಣ್ಣ ನೋಡು, ಎಸ್ತೇರ್, ಬಣ್ಣ ನೋಡು,
ಕೆಂಪಗಿದ್ದರೆ ಜೀವ, ಕಪ್ಪಗಾದರೆ ಹೊತ್ತು ಮೀರಿತು.
ಇದನ್ನು ಕಲಿಸಿದ್ದು ಈ ದೇಶವಲ್ಲ, ಬೆಟಗೇರಿ.
ಡಾಕ್ಟರ್ ಸುಗಂಧಿ ಖಾಲಿ ರಕ್ತದ ಚೀಲ ಕತ್ತರಿಸಿ
ಕಿಂಡಿಯ ಅಂಚಿಗೆ ಸುತ್ತ ಹೊಲಿದಿದ್ದರು.
ಬೇರೇನಿತ್ತು ನಮ್ಮ ಹತ್ತಿರ?
ದಿನಾ ಒಂದು ಗಂಟು ಕೆಳಗಿಳಿಸುತ್ತ ಹೋದೆವು.
ಐದನೆಯ ದಿನ ಚೀಲ ಖಾಲಿಯಾಯಿತು.
ಏಳನೆಯ ದಿನ ತೊಟ್ಟಿಲು.

ಹೊರಗೆ ನಲವತ್ತೊಂದು ಡಿಗ್ರಿ, ಧೂಳಿನ ಗೋಡೆ,
ಆದರೂ ಮಗು ತಣ್ಣಗಾಗುತ್ತಿತ್ತು.
ಎ.ಸಿ. ಆರಿಸಿ ಬೆವೆತೆವು ಎಲ್ಲರೂ.
ಕಂಕುಳವರೆಗೆ ಸುತ್ತಿದೆ, ಹದವಾಗಿ,
ಮೂಗಿಗೆ ನಳಿಗೆ, ಕೈಗೆ ಡ್ರಿಪ್ಪು, ಮೂರನೆಯ ಸಲಕ್ಕೆ ನರ ಸಿಕ್ಕಿತು.
ಟೌನ್ಸ್‌ವಿಲ್‌ನ ಸರ್ಜನ್ ಪರದೆಯ ಮೇಲೆ
ಬಾಯಿ ಆಡಿಸುತ್ತಾಳೆ, ಮಾತು ಆಮೇಲೆ ಬರುತ್ತದೆ:
ಬಲಮಗ್ಗುಲಿಗೆ ಮಲಗಿಸಿ. ಕರುಳಿನ ಬುಡ ತಿರುಚಬಾರದು.
ಬಲಮಗ್ಗುಲಿಗೇ ಏಳಬೇಕು ಅನ್ನುತ್ತಿದ್ದಳು ಅವ್ವ,
ಪರೀಕ್ಷೆಯ ದಿನ, ಊರಿಗೆ ಹೊರಟ ದಿನ.
ನಾನು ನಗುತ್ತಿದ್ದೆ.

ವಿಮಾನ ಬರಲು ಐದು ಗಂಟೆ.
ರನ್‌ವೇಯಿಂದ ಕಾಂಗರೂ ಓಡಿಸಲು
ಪೊಲೀಸಿನವ ಗಾಡಿಯಲ್ಲಿ ಸುತ್ತು ಹೊಡೆಯುತ್ತಲೇ ಇದ್ದ.
ಟಾರ್ನಿ ಕೇಳಿದಳು, ಇದು ಅವನ ಒಳಗಿನದೇ?
ಹೌದು, ಅಂದೆ.
ನಮ್ಮ ಮಾತಿನಲ್ಲಿ ಮಗುವೆಂದರೇ ಕರುಳ ಕುಡಿ,
ಚುರ್ರೆನ್ನುವುದೂ ಕರುಳೇ, ಹೆತ್ತದ್ದೂ ಅದೇ.
ಇಷ್ಟನ್ನು ಇಂಗ್ಲಿಷಿಗೆ ಹೇಗೆ ತರಲಿ, ರಾತ್ರಿ ಮೂರಕ್ಕೆ?
ಇಲ್ಲಿಯ ಮಾತಿನಲ್ಲಿ ಕರುಳೆಂದರೆ ಎದೆಗಾರಿಕೆ.
ಮೊರೀನಳೇ ಅಂದಳು, ಇವನಿಗೆ ಸಾಕಷ್ಟಿದೆ ನೋಡು.
ಟಾರ್ನಿ ನಕ್ಕಳು. ಹೊಲಿಗೆ ನೋಯಿತು, ಮತ್ತೆ ನಕ್ಕಳು.
ನಾನು ಮಾತ್ರ ಬಣ್ಣ ನೋಡುತ್ತಲೇ ಇದ್ದೆ.

ಮೂರು ವಾರಕ್ಕೆ ಫೋಟೋ ಬಂತು.
ಗಾಜಿನ ಪೆಟ್ಟಿಗೆಯ ಮೇಲ್ಗಡೆಯಿಂದ ಇಳಿಬಿಟ್ಟ
ತಿಳಿಯಾದ ಚೀಲ, ಇಂಥದಕ್ಕೆಂದೇ ಮಾಡಿದ್ದು,
ಹೊಲಿಗೆಯೂ ಬೇಡ. ಅದರೊಳಗಿಂದ ದಿನಕ್ಕಿಷ್ಟು
ತಾನೇ ಇಳಿದಿತ್ತಂತೆ. ಎರಡನೆಯ ಫೋಟೋದಲ್ಲಿ ಚೀಲವಿಲ್ಲ,
ಒಂದು ಪಟ್ಟಿ, ಒಂದು ಆಕಳಿಕೆ.

ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿದ್ದ ಹುಡುಗ:
ಮುಚ್ಚಿದ ಹೆರಿಗೆ ಕೋಣೆಯನ್ನು, ಹಳ್ಳವನ್ನು,
ಬಣ್ಣ ನೋಡಿಯೂ ನನ್ನ ನಡುಗಿದ ಕೈಯನ್ನು.
ಬೆಟಗೇರಿಯ ಮಗುವಿಗೆ ನಾವಿನ್ನೂ ಹೆಸರಿಟ್ಟಿರಲಿಲ್ಲ.
ಅದರ ಪರವಾಗಿ ಇವನನ್ನು ಕೇಳುವಂತಿಲ್ಲ.

ಮೊರೀನ್ ಎರಡು ಹೊಸ ಸುರುಳಿ ತರಿಸಿದ್ದಾಳೆ.
ಒಂದು ಅಡುಗೆಮನೆಗೆ.
ಇನ್ನೊಂದರ ಮೇಲೆ ನನ್ನ ಹೆಸರು ಬರೆದು
ಮುಟ್ಟಬೇಡಿ ಎಂದು ಕೆಳಗೆ ಗೆರೆ ಎಳೆದಿದ್ದಾಳೆ.