ಎಚ್‌ಬಿ, ಅರ್ಧ ಮಿಲಿಮೀಟರ್

ಬೊರ್ನೊವಾದಲ್ಲಿ ಮೆಟ್ರೊ ಇಳಿದು, ಸಿಮಿತ್ ರೊಟ್ಟಿಯ ಗಾಡಿ ದಾಟಿದರೆ
ಮೂರನೆಯ ಅಂಗಡಿ ನೆಜಾತ್ ಅಮ್ಜಾನದು.
ನನಗಷ್ಟೇ ಅಲ್ಲ, ಇಡೀ ಬೀದಿಗೆ ಅವನು ಚಿಕ್ಕಪ್ಪ.
ಪೆನ್ಸಿಲ್ ಕಡ್ಡಿ, ಎಚ್‌ಬಿ, ಹತ್ತು ಡಬ್ಬಿ.
ಎಣಿಸಿ ಕೊಡುತ್ತ ಪ್ರತಿ ಸಲವೂ ಕೇಳುತ್ತಾನೆ:
ಇಷ್ಟೊಂದು ಏನು ಬರೆಯುತ್ತೀಯಮ್ಮಾ?

ಬರೆಯುವುದಿಲ್ಲ ಅಮ್ಜಾ, ಓದುತ್ತೇವೆ.
ಒಂದು ಅಕ್ಷರ. ಒಂದೇ.

ಲೆಕ್ಕಪತ್ರದವರು ಆ ರಸೀದಿಯನ್ನು
ಎರಡು ಸಲ ಹಿಂದಕ್ಕೆ ಕಳಿಸಿದ್ದಾರೆ:
ಲೇಖನ ಸಾಮಗ್ರಿಗೆ ರಾಸಾಯನಿಕದ ಬಾಬ್ತಿನಲ್ಲಿ ಏನು ಕೆಲಸ?

ಮೂರು ಸೆಂಟಿಮೀಟರಿಗೆ ಮುರಿದು, ಒಂದನ್ನಷ್ಟೇ ಮುಳುಗಿಸಿ
ವಿನೆಗರ್ ವಾಸನೆಯ ನೀರಿನಲ್ಲಿ ಅದರ ಮೈ ಕೆರಳಿಸಿ
ಆಮೇಲೆ ಡಿಎನ್ಎ ಉಣಿಸುತ್ತೇನೆ.
ಸಾಲ್ಮನ್ ಮೀನಿನದು. ಒದ್ದೆ ಹತ್ತಿಯಂಥ ಬಿಳಿ ನಾರು,
ಫ್ರಿಜ್ಜಿನಲ್ಲಿ ಯಾರದೋ ಚೀಸಿನ ಪಕ್ಕ ಇರುತ್ತದೆ
(ಇಡಬಾರದು, ಇಡುತ್ತಾರೆ).

ವೋಲ್ಟೇಜು ಹತ್ತುತ್ತದೆ, ಮಿಡಿತ ಮಿಡಿತವಾಗಿ.
ನಾಡಿ ಹಿಡಿದ ಹಕೀಮನಂತೆ ಉಸಿರು ಬಿಗಿಹಿಡಿದು ಕೂರುತ್ತೇನೆ.
ಸೊನ್ನೆ ಬಿಂದು ಎಂಟು. ಏನಿಲ್ಲ.
ಒಂಬತ್ತು.
ಒಂದರ ಹತ್ತಿರ ಬಂದಾಗ ಗ್ವಾನಿನ್
ತನ್ನಲ್ಲಿರುವ ಎಲೆಕ್ಟ್ರಾನು ಬಿಟ್ಟುಕೊಡುತ್ತದೆ,
ಪರದೆಯ ಮೇಲೊಂದು ಗುಡ್ಡ ಏಳುತ್ತದೆ.

ಈಗ ಔಷಧಿ. ಕೆಂಪು.
ಐದು ನಿಮಿಷ ಬಿಟ್ಟರೆ ಸಾಕು,
ತುಂಬಿದ ಬಸ್ಸಿನಲ್ಲಿ 'ಸ್ವಲ್ಪ ಸರಿಯಿರಿ' ಎಂದು ಕೂರುವವನಂತೆ
ಏಣಿಯ ಮೆಟ್ಟಿಲು ಮೆಟ್ಟಿಲುಗಳ ನಡುವೆ ಜರುಗಿಸಿ ಕೂರುತ್ತದೆ;
ಏಣಿ ನೀಳವಾಗುತ್ತದೆ, ತಿರುಚು ಸಡಿಲ.
ಮತ್ತೆ ಅದೇ ಹಾದಿ ಹತ್ತಿ ಕರೆದರೆ
ಗ್ವಾನಿನ್ ಓಗೊಡುತ್ತದೆ, ಬಾಯಿಗೆ ಕೈ ಅಡ್ಡ ಇಟ್ಟವರ ಹಾಗೆ.
ಗುಡ್ಡ ತಗ್ಗಿದೆ.
ಎಷ್ಟು ತಗ್ಗಿದೆಯೋ ಬರೆದುಕೊಳ್ಳುತ್ತೇನೆ,
ಪೆನ್ನಿನಲ್ಲಿ.

ಇಳಿದರೆ ಹಿಗ್ಗುವ ಕಸುಬು ನಮ್ಮದು.
ಒಂದು ಕಡ್ಡಿ, ಒಂದು ಮಾತು; ಆಮೇಲೆ ಬುಟ್ಟಿಗೆ.

ಮಾರ್ಚಿನಿಂದ ಮೂರು ವಾರಕ್ಕೊಂದು ಮಂಗಳವಾರ
ಅಂಗಡಿ ಮುಚ್ಚಿರತೊಡಗಿತು.
ಬಾಗಿಲಿನ ಚೀಟಿಯಲ್ಲಿ 'ಆಸ್ಪತ್ರೆ' ಎಂದಷ್ಟೇ.
ಮ್ಯುಜೆಯ್ಯೆನ್, ಅವನ ಹೆಂಡತಿ. ಎಡ ಸ್ತನ.
ಕೆಂಪುನೀರು ಏರಿಸುತ್ತಾರೆ, ಅಂದ ಅಮ್ಜಾ,
ಸಂಜೆ ಉಚ್ಚೆಯೂ ಕೆಂಪು.
ಬೀಟ್‌ರೂಟ್ ಉಪ್ಪಿನಕಾಯಿ ಕದ್ದು ತಿಂದೆ ಅಂತ
ಅವಳೇ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ಯಾಕೆ ತೆಗೆದೆನೋ ಚೀಲದಿಂದ ಆ ಹಾಳೆ.
ಎರಡು ಗೆರೆ, ಒಂದು ಎತ್ತರ, ಒಂದು ಗಿಡ್ಡ.
ಕನ್ನಡಕ ಹಣೆಗೇರಿಸಿ ಬಹಳ ಹೊತ್ತು ನೋಡಿದ.
ಇದರಲ್ಲಿ ಅವಳದು ಯಾವುದು?

ಇದು ಮೀನಿನದು ಅಮ್ಜಾ.

ಮೀನಿಗೆ ವಾಸಿಯಾಯಿತೆ?

ನಾಲ್ಕು ವರ್ಷದ ನನ್ನ ಪ್ರಬಂಧದಲ್ಲಿ
ಆ ಪ್ರಶ್ನೆಗೆ ಅಧ್ಯಾಯವಿಲ್ಲ.
ಔಷಧಿಗೆ ಮೀನು ಯಾವುದು, ಮನುಷ್ಯರು ಯಾರು, ಗೊತ್ತಿಲ್ಲ;
ಗಂಟಿನ ಏಣಿ ಯಾವುದು, ಕೂದಲ ಬುಡದ ಏಣಿ ಯಾವುದು,
ಅದೂ ಗೊತ್ತಿಲ್ಲ.
ಅಷ್ಟನ್ನು ಹೇಳಲಿಲ್ಲ.
ಹಿಡಿಯುತ್ತದೆ, ಅಂದೆ. ಹಿಡಿಯುತ್ತದೆ ಅಂತ ಮಾತ್ರ ಗೊತ್ತು.

ಹಿಡಿಯುತ್ತದೆ, ಅಂತ ಅವನೂ ಒಮ್ಮೆ ಅಂದು ನೋಡಿದ,
ಹೊಸ ಪೆನ್ನು ಬರೆಯುತ್ತದೋ ಇಲ್ಲವೋ ಎಂದು
ಚೀಟಿಯ ಮೇಲೆ ಗೀಚಿ ನೋಡುವ ಹಾಗೆ.
ಹಾಳೆ ವಾಪಸು ಕೊಡಲಿಲ್ಲ.
ಗಲ್ಲೆಯ ಗಾಜಿನಡಿ, ಬಾಕಿದಾರರ ಪಟ್ಟಿಯ ಪಕ್ಕ ಜಾರಿಸಿದ.

ಇವತ್ತು ಮಂಗಳವಾರ. ಕಡ್ಡಿ ಮುಗಿದಿವೆ.
ಬಸ್ ನಿಲ್ದಾಣದ ಅಂಗಡಿಯಿಂದ ತಂದವು ಬೇರೆ ಕಂಪನಿಯವು,
ಹೆಚ್ಚು ಮೇಣ; ಗುಡ್ಡ ಸರಿಯಾಗಿ ಏಳುತ್ತಿಲ್ಲ,
ಒಂದಕ್ಕೊಂದು ತಾಳೆಯಿಲ್ಲ.
ಉಪಕರಣ ಆರಿಸಿ
ಬುಧವಾರಕ್ಕೆ ಕಾಯುತ್ತಿದ್ದೇನೆ.