ಆರೂವರೆಗೆ ಬರುವವಳು

‘ಚೆರ್ಕಳದ ಅವಳು ಆರೂವರೆಗೆ ಬರ್ತಾಳಲ್ಲ’
ಎಂದರು ಫೋನಿನಲ್ಲಿ ಮದುಮಗಳ ಚಿಕ್ಕಮ್ಮ,
ಅರ್ಧ ಮಲಯಾಳ, ಅರ್ಧ ಕನ್ನಡ.
ಹೊತ್ತು ಎಂದುಕೊಂಡೆ ನಾನು.
‘ನಾನು ಐದಕ್ಕೇ ಬರ್ತೇನೆ, ಬೆಳಕಿರುವಾಗಲೇ’
ಎಂದುಬಿಟ್ಟೆ.
‘ಆಯ್ತು, ಐದು. ಬಾಯಿ ಮಾತು ಸಾಕು ನಮ್ಗೆ’
ಎಂದು ಇಟ್ಟರು.
ಹಾಗೆ ಕರಗಿತು ನನ್ನ ಹನ್ನೆರಡು ಸಾವಿರ,
ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತಿನಲ್ಲಿ.

ತಿರುಗಿ ಫೋನು ಮಾಡಬಹುದಿತ್ತು.
ಮಾಡಲಿಲ್ಲ. ಲೆನ್ಸಿನ ಕಂತು ಹತ್ತನೇ ತಾರೀಕಿಗೆ,
ಮಳೆ ಹಿಡಿದರೆ ಮದುವೆಗಳಿಲ್ಲ,
ಮೇಲಾಗಿ ಈ ಕುಂಬಳೆಯಲ್ಲಿ ಒಮ್ಮೆ
ಐದು ಅಂದವಳು ಐದೇ.

ಮೈಲಾಂಚಿಯ ರಾತ್ರಿ, ಬಂದ್ಯೋಡಿನ ಹಾಲು.
ಹೆದ್ದಾರಿಯ ಧೂಳಲ್ಲಿ ಸ್ಕೂಟರು, ಬೆನ್ನಿಗೆ ಚೀಲ,
ಕಾಲ ನಡುವೆ ಲೈಟಿನ ಕಂಬ.
ಗಂಡಸರು ದಾಟದ ಪರದೆಯೊಂದನ್ನು ದಾಟಿದರೆ
ಅತ್ತರು, ಬಿರಿಯಾನಿ, ಬಿಚ್ಚಿದ ತಲೆಗಳು,
ನಗುವಾಗ ಬಾಯಿ ಮುಚ್ಚದ ಹೆಂಗಸರು.
ನಮ್ಮ ಕಸುಬಿನ ಅನ್ನ ಇರುವುದು ಈ ಪರದೆಯ ಒಳಗೆ.

ಒಳಗೆ ಅವಳೂ ಇದ್ದಳು.
ರಂಸೀನ.
ಹುಡುಗನ ಕಡೆಯವರು ಕರೆಸಿದ್ದು, ನಾಲ್ಕೂವರೆಗೆ.
ನಾನು ಕೆಳಗೆ ಕೂತರೆ ಅವಳು ಕುರ್ಚಿ ಹತ್ತಿದಳು,
ಅವಳ ಫ್ಲ್ಯಾಶು ನನ್ನ ಫೋಟೋ ಸುಟ್ಟಿತು,
ನನ್ನ ಮೊಣಕೈ ಅವಳದನ್ನು.
ಮದುಮಗಳು ಎತ್ತ ನೋಡಲಿ ಎಂದು ತಿಳಿಯದೆ
ನಡುವಿನ ಗೋಡೆಗೆ ನಕ್ಕಳು.

ಊಟದ ಸಾಲಿನ ಕೊನೆಯಲ್ಲಿ ನಾವಿಬ್ಬರೇ.
ತಟ್ಟೆಯಲ್ಲಿ ಬೆರಳಾಡಿಸುತ್ತ ಕೇಳಿದಳು:
‘ಸುಗಂಧಿ ಚೇಚೀ, ನೀವು ಐದಕ್ಕೆ ಬಂದದ್ದಂತೆ?’
ಹೊತ್ತು ಹೇಳಿದ್ದು ಮಾರಾಯ್ತಿ ಎನ್ನಬೇಕಿತ್ತು.
ನೀರು ಕುಡಿದೆ. ‘ನೀನು ಆರೂವರೆಗಂತೆ?’
‘ಅಯ್ಯೋ, ಅದು ಹೊತ್ತು ಚೇಚಿ.
ಮಗುವಿಗೆ ಹಾಲು ಕೊಟ್ಟು ಹೊರಡುವಾಗ
ಆರೂವರೆ ಆಗ್ತದೆ ಅಂದೆ.
ದರ ಕೇಳುವ ಮೊದಲೇ ಇಟ್ರು ಅವರು.’

ನಂಬಿದೆನೇ? ಗೊತ್ತಿಲ್ಲ.
ಅವಳ ಅಂಗಿಯ ಎದೆ ಎರಡು ಕಡೆ ಒದ್ದೆಯಾಗಿತ್ತು,
ಕ್ಯಾಮೆರಾದ ಪಟ್ಟಿಯಿಂದ ಮುಚ್ಚಿಕೊಂಡಿದ್ದಳು.
ಹನ್ನೊಂದಕ್ಕೆ ಅವಳ ಬ್ಯಾಟರಿ ಸತ್ತಿತು.
ಕಣ್ಣೆತ್ತಿ ನೋಡಿದಳು, ಕೇಳಲಿಲ್ಲ.
ನನ್ನ ಚೀಲದಲ್ಲಿ ತುಂಬಿದ್ದೊಂದು ಇತ್ತು.
ಕೊಡಲು ಐದು ನಿಮಿಷ ತಡ ಮಾಡಿದೆ,
ಆ ಐದು ನಿಮಿಷದಲ್ಲಿ
ಅಜ್ಜಿ ಮೊಮ್ಮಗಳ ಹಣೆಗೆ ಮುತ್ತಿಟ್ಟದ್ದು
ನನ್ನ ಕಾರ್ಡಿನಲ್ಲಿ ಮಾತ್ರ ಇದೆ.

ಈಗ ರಾತ್ರಿ ಎರಡು. ಕಂಪ್ಯೂಟರಿನ ಮುಂದೆ
ರಂಸೀನಳನ್ನು ಅಳಿಸುತ್ತಿದ್ದೇನೆ.
ಮೊದಲು ಕೈ, ಆಮೇಲೆ ಲೈಟು, ಆಮೇಲೆ
ಕುರ್ಚಿ ಹತ್ತಿದ ಬರಿಗಾಲು.
ಅವಳಿದ್ದ ಜಾಗಕ್ಕೆ ಪಕ್ಕದ ಪರದೆಯ ಹೂಗಳನ್ನು
ಕಿತ್ತು ತಂದು ಹಚ್ಚುತ್ತೇನೆ.
ಒಂದು ಫೋಟೋಕ್ಕೆ ಹತ್ತು ನಿಮಿಷ,
ಈ ಕೆಲಸಕ್ಕೆ ದರಪಟ್ಟಿಯಲ್ಲಿ ಸಾಲಿಲ್ಲ.
ಚೆರ್ಕಳದಲ್ಲಿ ಮಗು ಮಲಗಿದ ಮೇಲೆ
ಅವಳೂ ಕೂತಿರಬೇಕು
ನನ್ನ ನರೆತ ಜಡೆಯನ್ನು ತೆಗೆಯುತ್ತ.

ಕನ್ನಡಿ ಇರುವ ಫೋಟೋ ಒಂದು ಉಳಿದಿದೆ.
ಮದುಮಗಳ ಹಿಂದೆ, ಗಾಜಿನೊಳಗೆ, ಇಬ್ಬರೂ
ಒಂದೇ ಕಣ್ಣು ಮುಚ್ಚಿ ನಿಂತಿದ್ದೇವೆ.
ಅದನ್ನು ಬದಿಗಿಟ್ಟೆ. ಆಲ್ಬಮಿಗೆ ಅದು ಬೇಡ.

ಬೆಳಿಗ್ಗೆ ಮೊಗ್ರಾಲಿನಿಂದ ಇನ್ನೊಂದು ಮದುವೆ, ಇನ್ನೊಬ್ಬ ಚಿಕ್ಕಮ್ಮ:
‘ಎಷ್ಟಕ್ಕೆ ಬರ್ತೀರಿ?’
‘ದರವೋ ಹೊತ್ತೋ’ ಎಂದು ಕೇಳಿದೆ ಈ ಸಲ.
‘ಎರಡೂ.’
‘ನಾಲ್ಕು ಗಂಟೆಗೆ. ಹನ್ನೆರಡು ಸಾವಿರಕ್ಕೆ.’
‘ಆಲೋಚನೆ ಮಾಡಿ ಹೇಳ್ತೇವೆ’ ಎಂದರು.

ಕೂಡಲೇ ರಂಸೀನಳಿಗೆ ಫೋನು ಮಾಡಿದೆ,
ನೀನೂ ಹನ್ನೆರಡೇ ಹೇಳು ಎನ್ನಲು.
ಅವಳ ಫೋನು
ಬೇರೆ ಕರೆಯಲ್ಲಿತ್ತು.